ಹೆಸರು ಕಳೆದುಕೊಂಡ ಗ್ರಾಮಫೋನ್ ತಟ್ಟೆ

ಕಾಡಿನ ಸಂಗೀತ ಭಂಡಾರವನ್ನು ನೋಡಿಕೊಳ್ಳುವ ಗೂಬೆಗೆ ಹಳೆಯ ಗ್ರಾಮಫೋನ್ ತಟ್ಟೆಯೊಂದು ಸಿಕ್ಕಿತು. ಚೀಟಿ ಹರಿದಿದ್ದರಿಂದ, ಅಂದರೆ ಹೆಸರಿದ್ದ ಭಾಗವೇ ಹೋಗಿದ್ದರಿಂದ, ಹಾಡಿದವರು ಯಾರೆಂದು ತಿಳಿಯಲಿಲ್ಲ. ಭಂಡಾರದ ನಿಯಮದಂತೆ, ಸಂಜೆಯೊಳಗೆ ಹೆಸರು ತಿಳಿಯದಿದ್ದರೆ ತಟ್ಟೆ ಗುಜರಿಗೆ ಹೋಗಬೇಕಿತ್ತು. ಬಲ್ಲವರು ಗುರುತಿಸಲೆಂದು ಗೂಬೆ ಹಾಡನ್ನು ಜಾಲತಾಣಕ್ಕೆ ಏರಿಸಿತು. ಆದರೆ ಬಲ್ಲವರಿಗೆ ಅಷ್ಟೇ ಸಾಕೆಂದು ಮೊದಲ ಅರ್ಧ ನಿಮಿಷ ಮಾತ್ರ ಹಾಕಿತು.

“ಇದು ನಮ್ಮಜ್ಜಿಯ ಕಂಠ!” ಎಂದಿತು ಅದನ್ನು ಕೇಳಿ ಭಂಡಾರಕ್ಕೆ ಹಾರಿಬಂದ ಕೋಗಿಲೆ.

“ನಿಮ್ಮಜ್ಜಿ ಬೆಳೆದದ್ದೇ ನಮ್ಮ ಗೂಡಿನಲ್ಲಿ. ಹಾಗಾದರೆ ಕಂಠವೂ ನಮ್ಮದೇ!” ಎಂದಿತು ಹಿಂದೆಯೇ ಬಂದ ಕಾಗೆ.

ಜಗಳ ಏರುತ್ತಿದ್ದಂತೆ ಅಳಿಲು ಬಂದು, “ಗೂಬೆರಾಯರೇ, ಮುಂದಿನದನ್ನೂ ಹಾಕಿ” ಎಂದಿತು.

“ನಿನಗೆ ರಾಗ ಗೊತ್ತೇನಯ್ಯ?”

“ಗೊತ್ತಿಲ್ಲ ಸ್ವಾಮಿ. ಅದಕ್ಕೇ ಪೂರ್ತಿ ಕೇಳಬೇಕು.”

ಗೂಬೆ ಗೊಣಗುತ್ತ ಪೂರ್ತಿ ಹಾಕಿತು. ಆ ಕಾಲದ ಗಾಯಕರಿಗೆ ಹಾಡಿನ ಕೊನೆಯಲ್ಲಿ ತಮ್ಮ ಹೆಸರು ಹೇಳುವ ವಾಡಿಕೆಯಿತ್ತು. ಹಾಡು ಮುಗಿದದ್ದೇ ತಡ, ತಟ್ಟೆ ಗಟ್ಟಿಯಾಗಿ ಕೂಗಿತು: “ಹಾಡಿದವಳು ಹೊನ್ನಾಳಿ ಪದ್ಮಾಸನಿ!”

ಅಳಿಲು ಖುಷಿಯಿಂದ ಮೂರು ಲಾಗ ಹಾಕಿತು.

“ನಮಗೆ ಆಗಲೇ ಗೊತ್ತಿತ್ತು!” ಎಂದು ಕಾಗೆ, ಕೋಗಿಲೆ ಮೊದಲ ಸಲ ಒಂದೇ ಶ್ರುತಿಯಲ್ಲಿ ಕೂಗಿದವು.

ಗೂಬೆ ಭಂಡಾರದ ಹಾಡುಗಳನ್ನೆಲ್ಲ ಪೂರ್ತಿಯಾಗಿ ಏರಿಸಿ, ಅಳಿಲಿನ ಪಕ್ಕದಲ್ಲಿ ತಾನೂ ಕೇಳಲು ಕುಳಿತಿತು.