ಏಳರವರೆಗೆ ಎಣಿಸಿದ ಮೇಷ್ಟ್ರು

ಶಿಷ್ಯ ಕೇಳಿದ: "ಗುರುಗಳೇ, ಅಧ್ಯಾಪಕರಿಗೆ ತರಬೇತಿ ಎಂದು ಎಲ್ಲೆಲ್ಲಿ ಕರೆದರೋ ಅಲ್ಲೆಲ್ಲ ಹೋಗಿ ಬಂದೆ. ಹೇಳಿಕೊಟ್ಟ ಹಾಗೆಯೇ ಪಾಠ ಮಾಡುತ್ತೇನೆ. ಅರವತ್ತು ಮಕ್ಕಳು ಗಲಾಟೆಯಿಲ್ಲದೆ ಕೇಳುತ್ತಾರೆ. ಆದರೂ ತರಗತಿಯಲ್ಲಿ ನಾನೊಬ್ಬನೇ ನಿಂತ ಹಾಗಿರುತ್ತದೆ. ಇದೇಕೆ?"

ಗುರುಗಳು ಕಾಲೇಜಿನಿಂದ ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು. ಯಾರಾದರೂ ಬಂದು ಪ್ರಶ್ನೆ ಕೇಳಿದರೆ ಅವರಿಗೆ ಅಂದೇ ಹಬ್ಬ.

"ಕೂತುಕೋ," ಎಂದರು. "ಇದಕ್ಕೆ ಉತ್ತರ ನನಗೆ ಗೊತ್ತಿಲ್ಲ. ಒಂದು ಕತೆ ಗೊತ್ತು. ಪ್ರಾಯದಲ್ಲಿ ನಾನು ಆಫ್ರಿಕಾದ ಒಂದು ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟು ಬಂದವನಲ್ಲವೇ? ಇದು ಅಲ್ಲಿಯದು."

ಗುರುಗಳು ಹೇಳಿದ್ದು ಹೀಗೆ:

ಒಂದು ದೊಡ್ಡ ಸರೋವರದ ದಂಡೆಯ ಮೇಲೆ ಆ ವಿಶ್ವವಿದ್ಯಾಲಯ. ಸರೋವರವೆಂದರೆ ನಮ್ಮ ಕೆರೆಯಂತಲ್ಲ, ಆಚೆಯ ದಡವೇ ಕಾಣುವುದಿಲ್ಲ. ಅದರ ಮೀನು, ಅದರ ಗಾಳಿ ಎಂದು ಹೇಳುತ್ತ ಹೋದರೆ ನಿನ್ನ ಪ್ರಶ್ನೆ ಅದರಲ್ಲೇ ಮುಳುಗಿಹೋಗುತ್ತದೆ. ಅದಿರಲಿ.

ಅಲ್ಲಿ ಒಂದು ನಿಯಮವಿತ್ತು. ಹೊಸದಾಗಿ ಸೇರಿದ ಅಧ್ಯಾಪಕ ಎಷ್ಟೇ ಓದಿದವನಾಗಿರಲಿ, ಪಾಠ ಮಾಡುವುದನ್ನು ಕಲಿತ ಮೇಲೆಯೇ ಅವನ ಕೆಲಸ ಕಾಯಂ. ಕಲಿಸುವುದಕ್ಕೆ ಒಬ್ಬರು ಹಿರಿಯ ಮೇಷ್ಟ್ರು ಇದ್ದರು. ಪ್ರತಿ ಶುಕ್ರವಾರ ಮಧ್ಯಾಹ್ನ ಹೊಸಬರೆಲ್ಲ ಒಂದು ಕೋಣೆಯಲ್ಲಿ ಸೇರಬೇಕು. ಒಬ್ಬರು ಪಾಠ ಮಾಡಬೇಕು. ಉಳಿದವರು ವಿದ್ಯಾರ್ಥಿಗಳಂತೆ ಬೆಂಚಿನಲ್ಲಿ ಕೂರಬೇಕು. ಹಿರಿಯ ಮೇಷ್ಟ್ರು ಎಲ್ಲರ ಹಿಂದೆ ಕೂತು ಒಂದು ಹಾಳೆಯಲ್ಲಿ ಗುರುತು ಹಾಕುತ್ತಿದ್ದರು. ವರ್ಷದ ಮೂರು ಅವಧಿಯೊಳಗೆ ಆ ಹಾಳೆಯ ಕೆಳಗೆ ಅವರ ಸಹಿ ಬಿದ್ದರೆ ಕೆಲಸ ಉಳಿಯಿತು. ಬೀಳದಿದ್ದರೆ ಮನೆಗೆ.

ಆ ಕಡೆ ಮೇಷ್ಟ್ರನ್ನು ಮ್ವಾಲಿಮು ಎಂದು ಕರೆಯುತ್ತಾರೆ. ಇವರನ್ನು ಮ್ವಾಲಿಮುಗಳ ಮ್ವಾಲಿಮು ಎನ್ನುತ್ತಿದ್ದರು. ಕುಲಪತಿಗಳೂ ಒಂದು ಕಾಲದಲ್ಲಿ ಅವರ ಎದುರು ಸೀಮೆಸುಣ್ಣ ಹಿಡಿದು ನಡುಗಿದವರೇ.

ಹೊಸ ಮೇಷ್ಟ್ರುಗಳಿಗೆಲ್ಲ ಒಂದು ರೋಗವಿರುತ್ತದೆ. ಪ್ರಶ್ನೆಯನ್ನೂ ತಾವೇ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ನನಗೂ ಇತ್ತು, ನಿನಗೂ ಇರಬಹುದು. ಅದಕ್ಕೆ ಅವರ ಬಳಿ ಒಂದು ಮದ್ದಿತ್ತು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಏಳರವರೆಗೆ ಎಣಿಸು, ಅಲ್ಲಿಯವರೆಗೆ ಬಾಯಿ ತೆರೆಯಬೇಡ ಎನ್ನುತ್ತಿದ್ದರು. ನಾವು ಎಣಿಸುತ್ತಿದ್ದೆವು. ಐದಕ್ಕೆ ಬರುವಷ್ಟರಲ್ಲಿ ಬೆಂಚಿನಲ್ಲಿ ಯಾರಾದರೊಬ್ಬರ ಕೈ ಮೇಲೇಳುತ್ತಿತ್ತು. ಇಪ್ಪತ್ತಾರು ವರ್ಷ ಹಾಗೆ ಎದ್ದಿತ್ತು. ಒಂದು ಶುಕ್ರವಾರವೂ ತಪ್ಪಿರಲಿಲ್ಲ. ಕೈ ಎದ್ದಾಗ ಆ ಮುದುಕರ ಮುಖ ನೋಡಬೇಕಿತ್ತು ನೀನು!

ಬೇರೆಯವರಿಗೆ ಪಾಠ ಮಾಡುವುದನ್ನು ಕಲಿಸುತ್ತ ಕಲಿಸುತ್ತ ಅವರು ತಾವೇ ಪಾಠ ಮಾಡುವುದು ನಿಂತುಹೋಗಿತ್ತು. ಅವರದು ಎಂಬ ಒಂದು ತರಗತಿ ಇರಲಿಲ್ಲ.

ನಾನು ಸೇರಿದ ವರ್ಷವೇ ಮಣ್ಣಿನ ಶಾಸ್ತ್ರ ಹೇಳುವುದಕ್ಕೆ ಒಬ್ಬ ಹೆಣ್ಣುಮಗಳು ಬಂದಳು. ಮರಗೆಣಸು ಬೆಳೆಯುವವರ ಮನೆಯವಳು. ಅವಳ ಕಡೆಯಿಂದ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಬಂದವರಲ್ಲಿ ಅವಳೇ ಮೊದಲು. ಅವಳಿಗೆ ಶುಕ್ರವಾರದ ಕೋಣೆ ಒಗ್ಗಲಿಲ್ಲ. ಪ್ರಶ್ನೆ ಕೇಳುತ್ತಿದ್ದಳು. ಮೂರು ಎಣಿಸುವಷ್ಟೂ ನಿಲ್ಲುತ್ತಿರಲಿಲ್ಲ. ವೇದಿಕೆಯಿಂದ ಇಳಿದು ಯಾರದೋ ಬೆಂಚಿನ ಮುಂದೆ ಹೋಗಿ, "ನಿಮ್ಮ ಮನೆಯ ಹಿಂದಿನ ಮಣ್ಣು ಯಾವ ಬಣ್ಣ?" ಎಂದು ಕೇಳುತ್ತಿದ್ದಳು.

"ನಮ್ಮ ಮನೆಯ ಹಿಂದೆ ಮಣ್ಣೆಲ್ಲಿದೆ ತಂಗೀ, ಅಲ್ಲಿರುವುದು ನನ್ನ ಕಾರು!" ಎಂದ ಒಬ್ಬ ಇಂಜಿನಿಯರಿಂಗ್ ಮೇಷ್ಟ್ರು. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಹಿರಿಯ ಮೇಷ್ಟ್ರು ನಗಲಿಲ್ಲ. ಹಾಳೆಯಲ್ಲಿ 'ಕಾಯಲಿಲ್ಲ' ಎಂದು ಬರೆದರು. ಮೊದಲ ಅವಧಿಗೆ ಸಹಿ ಬೀಳಲಿಲ್ಲ. ಎರಡನೆಯದಕ್ಕೂ ಬೀಳಲಿಲ್ಲ. ಮೂರನೆಯದು ಮುಗಿಯಲು ಎರಡು ವಾರ ಉಳಿದಾಗ ಅವಳು ಅವರ ಕೋಣೆಗೆ ಹೋದಳು. ಇನ್ನು ಮುಂದಿನದರಲ್ಲಿ ಹೆಚ್ಚಿನದು ಅವಳೇ ನನಗೆ ಹೇಳಿದ್ದು.

"ಮ್ವಾಲಿಮು, ನನ್ನ ತರಗತಿಗೆ ಒಂದು ಸಲ ಬಂದು ನೋಡಿ," ಎಂದಳು.

"ಆ ಪದ್ಧತಿ ಇಲ್ಲಮ್ಮ. ನಾನು ಬಂದು ಕೂತರೆ ಮಕ್ಕಳು ಬಿಗಿಯುತ್ತಾರೆ. ನಿನ್ನ ಪಾಠ ಕೆಡುತ್ತದೆ."

"ಹಾಗಾದರೆ ನೀವೇ ನನ್ನ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಿ. ನಾನು ಹಿಂದೆ ಕೂತು ಕಲಿಯುತ್ತೇನೆ."

ಇಪ್ಪತ್ತಾರು ವರ್ಷದಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. "ಯಾವ ದಿನ?" ಎಂದರು. ಆಮೇಲೆ, "ಏನು ಪಾಠ ನಡೆಯುತ್ತಿದೆ?" ಎಂದರು. ಅವಳು ಬಾಗಿಲು ದಾಟುವಾಗ ಮತ್ತೆ ಕರೆದು, "ಮಕ್ಕಳು ಎಷ್ಟು ಜನ?" ಎಂದರು.

ಅವರು ಒಂದು ವಾರ ತಯಾರಿ ಮಾಡಿದರು. ನಾನು ಅವರ ಮನೆಯ ಮುಂದೆ ಹಾದುಹೋಗುವಾಗ ಒಳಗೆ ಪಾಠದ ದನಿ ಕೇಳುತ್ತಿತ್ತು. ಆ ಮನೆಯಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದರು, ನಿಲ್ಲಿಸುತ್ತಿದ್ದರು, "ಭೇಷ್" ಎನ್ನುತ್ತಿದ್ದರು.

ಆ ದಿನ ಕೋಟು ಹಾಕಿಕೊಂಡು ಬಂದರು. ತರಗತಿಯಲ್ಲಿ ಎಂಬತ್ತು ಮಕ್ಕಳು. ಅವಳು ಹಿಂದಿನ ಬೆಂಚಿನಲ್ಲಿ ಗುರುತು ಹಾಕುವ ಒಂದು ಖಾಲಿ ಹಾಳೆ ಹಿಡಿದು ಕೂತಳು. ಮರಳಿನಲ್ಲಿ ನೀರು ಏಕೆ ನಿಲ್ಲುವುದಿಲ್ಲ, ಜೇಡಿಮಣ್ಣಿನಲ್ಲಿ ಏಕೆ ನಿಲ್ಲುತ್ತದೆ ಎಂಬುದು ಪಾಠ. ಹಲಗೆಯ ಮೇಲೆ ಅಕ್ಷರಗಳು ನೇರವಾಗಿದ್ದವು. ದನಿ ಕೊನೆಯ ಸಾಲಿಗೆ ಕೇಳುವಷ್ಟಿತ್ತು. ಹತ್ತು ನಿಮಿಷವಾದ ಮೇಲೆ ಅವರು ಪ್ರಶ್ನೆ ಕೇಳಿದರು. ಎಣಿಸತೊಡಗಿದರು.

ಐದಾಯಿತು. ಏಳಾಯಿತು. ಕೈ ಏಳಲಿಲ್ಲ.

ಆ ಸೀಮೆಯಲ್ಲಿ ಹಿರಿಯರೆದುರು ಕಿರಿಯರು ತಾವಾಗಿ ಮಾತಾಡುವುದಿಲ್ಲ. ಹಿರಿಯರು ಹೆಸರು ಹಿಡಿದು ಕರೆದು ಕೇಳಬೇಕು, ಆಮೇಲೆ ಮಾತಾಡಬೇಕು. ಮುದುಕರೂ ಆ ನೆಲದವರೇ. ಅವರು ಬೆಳೆದದ್ದೂ ಹಾಗೆಯೇ. ಆದರೆ ಶುಕ್ರವಾರದ ಕೋಣೆಯಲ್ಲಿ ಕೂರುತ್ತಿದ್ದವರೆಲ್ಲ ಮೇಷ್ಟ್ರುಗಳು. ಅಲ್ಲಿ ಈ ಪದ್ಧತಿ ಎದುರಾಗಿರಲಿಲ್ಲ, ಅವರಿಗೆ ಅದು ಮರೆತೇಹೋಗಿತ್ತು.

ಮತ್ತೆ ಮೊದಲಿನಿಂದ ಎಣಿಸಿದರು. ಎಂಬತ್ತು ಮಕ್ಕಳು ತಲೆ ತಗ್ಗಿಸಿ ಕೂತಿದ್ದರು. ಮೂರನೆಯ ಸಲ ಎಣಿಸಿದರು. ಒಬ್ಬನತ್ತ ಬೆರಳು ಮಾಡಿ, "ನೀನು, ಹಸಿರು ಅಂಗಿ," ಎಂದರು. ಹುಡುಗ ಎದ್ದು ನಿಂತ. ತನ್ನದೇ ತಪ್ಪೇನೋ ಎಂಬಂತೆ ನಿಂತೇ ಇದ್ದ. ಮುದುಕರು ಹಿಂದಿನ ಬೆಂಚಿನತ್ತ ನೋಡಿದರು. ಕಲಿಯಲು ಕೂತವರು ಕಲಿಸುವವರ ನಡುವೆ ಬಾಯಿ ಹಾಕಬಾರದು ಎಂಬುದು ಅವರೇ ಮಾಡಿದ ನಿಯಮ. ಅವಳು ಹಾಳೆಯತ್ತ ನೋಡಿದಳು.

ಕೊನೆಗೆ ಉತ್ತರವನ್ನು ಅವರೇ ಹೇಳಿದರು. ಉಳಿದ ಅರ್ಧ ಗಂಟೆ ಪ್ರಶ್ನೆ ಕೇಳಲಿಲ್ಲ.

ಗಂಟೆ ಹೊಡೆಯಿತು. ಮಕ್ಕಳು ಒಬ್ಬೊಬ್ಬರಾಗಿ ಮುಂದೆ ಬಂದು ತಲೆಬಾಗಿ ಹೊರಟರು. ಅವಳು ಬಾಗಿಲ ಬಳಿ ನಿಂತು, "ಮಸಾಂಜಾ, ನಿಮ್ಮ ಹೊಲದಲ್ಲಿ ಮಳೆ ನಿಂತ ಮೇಲೆ ನೀರು ಎಷ್ಟು ದಿನ ಇರುತ್ತದೆ?" ಎಂದಳು.

"ಮೂರು ದಿನ, ಮ್ವಾಲಿಮು. ಕೆಳಗಡೆ ಜೇಡಿ."

"ಮೂರು ದಿನವಂತೆ! ಇವರ ಎತ್ತು ಹೂತುಹೋಗಿತ್ತು, ಎಳೆಯುವುದಕ್ಕೆ ಊರೇ ಹೋಗಿತ್ತು," ಎಂದಳು ಕುಲ್ವಾ ಎಂಬ ಹುಡುಗಿ.

"ನಿಮ್ಮದೇನು ಕಡಿಮೆಯೇ? ಮರಳಿನಲ್ಲಿ ಜೋಳ ಹಾಕಿ ಆಕಾಶ ನೋಡುವವರು!" ಎಂದ ಮಸಾಂಜಾ.

ಐದಾರು ಜನ ಸೇರಿದರು. ಮರಳೋ ಜೇಡಿಯೋ ಎಂದು ಬಾಗಿಲಲ್ಲೇ ಜಗಳ ಹತ್ತಿತು. ಹಿರಿಯ ಮೇಷ್ಟ್ರು ಕೇಳಿದ ಪ್ರಶ್ನೆಯ ಉತ್ತರವೆಲ್ಲ ಆ ಜಗಳದಲ್ಲಿತ್ತು. ಮುದುಕರು ಹಲಗೆ ಒರೆಸುತ್ತ ನಿಂತಿದ್ದರು. ಹಲಗೆ ಆಗಲೇ ಚೊಕ್ಕಟವಾಗಿತ್ತು.

ಮಕ್ಕಳು ಹೋದ ಮೇಲೆ ಅವಳನ್ನು ಕರೆದು, "ಹಾಳೆ ಕೊಡು," ಎಂದರು.

"ಏನೂ ಬರೆದಿಲ್ಲ, ಮ್ವಾಲಿಮು."

"ಹಾಗಾದರೆ ಬಾಯಲ್ಲಿ ಹೇಳು. ನಾನು ಎಲ್ಲರಿಗೂ ಹೇಳಿದ್ದೇನೆ. ನನಗೆ ಯಾರೂ ಹೇಳಿಲ್ಲ."

"ನೀವು ಮಕ್ಕಳಿಗಾಗಿ ಕಾಯಲಿಲ್ಲ. ಎಣಿಸುತ್ತಿದ್ದಿರಿ."

"ಶುಕ್ರವಾರ ಕೈ ಏಳುತ್ತಿತ್ತಲ್ಲಮ್ಮ. ಐದಕ್ಕೆಲ್ಲ ಏಳುತ್ತಿತ್ತಲ್ಲ?"

ಅವಳು ಹೇಳಬಾರದು ಎಂದುಕೊಂಡಿದ್ದಳಂತೆ. ಅವರ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲವಂತೆ. "ಅಲ್ಲಿ ಬೆಂಚಿನಲ್ಲಿ ಕೂತವರೂ ಎಣಿಸುತ್ತಿದ್ದರು. ಐದಕ್ಕೆ ಯಾರು ಕೈ ಎತ್ತಬೇಕು ಎಂದು ನಮ್ಮಲ್ಲಿ ಸರದಿ ಇದೆ. ಹಿಂದಿನ ವರ್ಷದವರು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಬಹಳ ವರ್ಷದಿಂದ ನಡೆದುಬಂದಿದೆ."

"ಏಕೆ?"

"ನಿಮಗೆ ಬೇಸರವಾಗಬಾರದು ಎಂದು."

ಅದು ನಿಜ. ನನ್ನ ಸರದಿ ತಿಂಗಳ ಮೂರನೆಯ ಶುಕ್ರವಾರ. ನಾಲ್ಕು ವರ್ಷದಲ್ಲಿ ಮೊದಲ ವರ್ಷವಿಡೀ ನಾನೂ ಎತ್ತಿದ್ದೇನೆ.

ಮುದುಕರು ಜೇಬಿನಿಂದ ಪೆನ್ನು ತೆಗೆದರು. ಮೇಜಿನ ಮೇಲೆ ಹಾಳೆಯನ್ನಿಟ್ಟು, ಅವಳ ಹೆಸರು ಬರೆದು, ಕೆಳಗೆ ಸಹಿ ಹಾಕಿ ಅವಳ ಕೈಗೆ ಕೊಟ್ಟರು. ಅವಳ ಕೆಲಸ ಉಳಿಯಿತು.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಅದೇ ಮಧ್ಯಾಹ್ನ ನಡೆದದ್ದನ್ನು ನಾನೇ ಕಣ್ಣಾರೆ ಕಂಡೆ.

ಅಧ್ಯಾಪಕರ ಊಟದ ಕೋಣೆಯಲ್ಲಿ ಆ ಮುದುಕರ ಮೇಜಿಗೆ ಯಾರೂ ಹೋಗುತ್ತಿರಲಿಲ್ಲ. ನಾವು ಮೊದಮೊದಲು ಮಾಡಿದ ತಪ್ಪುಗಳನ್ನೆಲ್ಲ ಕಂಡವರು ಅವರು. ಅವರೆದುರು ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಎರಡೂ ಕೈಯಿಂದ ಅವರ ಕೈ ಹಿಡಿದು, ಕ್ಷೇಮ ಕೇಳಿ, ಬೇರೆ ಮೇಜಿಗೆ ಹೋಗಿಬಿಡುತ್ತಿದ್ದೆವು. ಅಂದು ಅವಳು ತಟ್ಟೆ ಹಿಡಿದು ನೇರವಾಗಿ ಅವರ ಮುಂದೆ ಹೋಗಿ ನಿಂತಳು.

"ಮ್ವಾಲಿಮು, ಇಲ್ಲಿ ಕೂರಲೇ?"

ಅವರು ಎದುರಿನ ಖಾಲಿ ಕುರ್ಚಿಯನ್ನು ನೋಡಿದರು. "ಬೇಡಮ್ಮ," ಎಂದರು. "ಯಾರೋ ಬರುವವರಿದ್ದಾರೆ."

ಅವಳು ನಮ್ಮ ಮೇಜಿಗೆ ಬಂದು ಕೂತಳು. ನನ್ನ ಊಟ ಮುಗಿಯುವವರೆಗೂ ಆ ಕಡೆಗೇ ನೋಡುತ್ತಿದ್ದೆ. ಯಾರೂ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಉದ್ದಕ್ಕೂ ಹೂಂ, ಹೂಂ ಎನ್ನುತ್ತಿದ್ದ ಶಿಷ್ಯ ನಿಟ್ಟುಸಿರು ಬಿಟ್ಟ.

"ಪಾಪ, ಗುರುಗಳೇ," ಎಂದ. "ಅಷ್ಟು ವರ್ಷದಲ್ಲಿ ಒಬ್ಬರಾದರೂ ಅವರಿಗೆ ನಿಜ ಹೇಳಬಹುದಿತ್ತು. ಬಹಳ ಚೆನ್ನಾಗಿದೆ ಕತೆ. ನನಗೆ ಎಲ್ಲ ಅರ್ಥವಾಯಿತು."

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ಇಷ್ಟು ಹೊತ್ತು ನೀನು ಹೂಂಗುಟ್ಟಿದ್ದು ಕತೆಗೋ, ನನಗೆ ಬೇಸರವಾಗದಿರಲಿ ಎಂದೋ?"