ಹುಲಿಗೆಮ್ಮನ ಹಾಳೆ

ನದಿ ದಡದ ಆಶ್ರಮದಲ್ಲಿ ಒಂದು ಹೈಸ್ಕೂಲಿತ್ತು. ಎಂಟನೇ ತರಗತಿಗೆ ಹೊಸದಾಗಿ ಸೇರಿದ ಹುಲಿಗೆಮ್ಮನಿಗೆ ಮುಂದಿನ ದಾರಿ ತೋರಿಸುವ ಕೆಲಸವನ್ನು ಗುರುಗಳು ಶಿಷ್ಯ ವಾಗೀಶನಿಗೆ ಒಪ್ಪಿಸಿದ್ದರು.

ಮೂರೇ ದಿನಕ್ಕೆ ಅವನು ದೊಡ್ಡ ಹಾಳೆಯೊಂದನ್ನು ತಂದು ಹಾಸಿದ. ಹನ್ನೆರಡು ವರ್ಷಕ್ಕೆ ಹನ್ನೆರಡು ಚೌಕ. ಎಸ್ಸೆಸ್ಸೆಲ್ಸಿಗೆ ಇಷ್ಟು ಅಂಕ, ಪಿಯುಸಿಯಲ್ಲಿ ವಿಜ್ಞಾನ. ಕೊನೆಯ ಚೌಕದಲ್ಲಿ ಕೆಂಪು ಶಾಯಿ: ಡಾಕ್ಟರ್.

"ಹುಡುಗಿ ಏನಂದಳು?" ಗುರುಗಳು ಕೇಳಿದರು.

"ಹೂಂ ಅಂದಳು."

"ನೀನು ಕೇಳಿದೆಯಾ, ಹೇಳಿದೆಯಾ?"

"ಹದಿಮೂರು ವರ್ಷದವಳು ಗುರುಗಳೇ, ಅವಳಿಗೇನು ಗೊತ್ತಾಗುತ್ತೆ? ಹೇಳಿದೆ."

ಗುರುಗಳ ಮುಖ ಕೆಂಪಾಯಿತು. "ಹನ್ನೆರಡು ವರ್ಷ ಹೋಗುವುದು ಅವಳದು, ನಿನ್ನದಲ್ಲ! ಏಳು. ಹರಿಗೋಲು ಹತ್ತಿ ಆ ದಡದ ಹುಣಸೆಮರ ಮುಟ್ಟಿ ಬಾ. ಎಷ್ಟು ಸಲ ಹುಟ್ಟು ಹಾಕಬೇಕು, ಯಾವ ಕಡೆಗೆ, ಮೊದಲೇ ಬರೆದುಕೊಡು."

"ಇಲ್ಲೇ ಕೂತು ಅದನ್ನ ಹೇಗೆ..."

"ಹನ್ನೆರಡು ವರ್ಷ ಬರೆದವನಿಗೆ ಇನ್ನೂರು ಮಾರು ನೀರು ಯಾವ ಲೆಕ್ಕ? ಬರಿ!"

ಅವನು ಬರೆದ: ಎಡಕ್ಕೆ ನಲವತ್ತು, ಬಲಕ್ಕೆ ನಲವತ್ತು.

ಗುರುಗಳು ಹುಲಿಗೆಮ್ಮನನ್ನೂ ಜೊತೆಗೆ ಕಳಿಸಿದರು. ಅದೇ ಹೊಳೆಯಲ್ಲಿ ಅವಳ ತಾಯಿ ಹರಿಗೋಲು ನಡೆಸುತ್ತಿದ್ದಳು.

ವಾಗೀಶ ಎಣಿಸಿ ಎಣಿಸಿ ಹುಟ್ಟು ಹಾಕಿದ. ಹರಿಗೋಲು ಬೀಸುವ ಕಲ್ಲಿನ ಹಾಗೆ ನಿಂತಲ್ಲೇ ಸುತ್ತಿತು. ಎಣಿಕೆ ಹದಿನೇಳಕ್ಕೆ ಬರುವಷ್ಟರಲ್ಲಿ ಸೆಳವಿಗೆ ಸಿಕ್ಕಿ ಬಂಡೆಗೆ ಬಡಿಯಿತು.

"ಸರ, ಎಣಿಸೋದು ಬಿಡ್ರಿ," ಹುಲಿಗೆಮ್ಮನಿಗೆ ನಗು ತಡೆಯಲಾಗಲಿಲ್ಲ. "ನಮ್ಮವ್ವ ನೋಡಿದ್ರ ನಿಮ್ಮನ್ನ ಇಲ್ಲೇ ಇಳಸ್ತಿದ್ಲು. ತರ್ರಿ ಇತ್ತ."

ಅವಳು ಮರ ನೋಡಿದಳು, ನೀರು ನೋಡಿದಳು, ಹುಟ್ಟು ಹಾಕಿದಳು. ಮತ್ತೆ ಮರ, ಮತ್ತೆ ನೀರು. ವಾಗೀಶ ಎರಡೂ ಕೈಯಲ್ಲಿ ಅಂಚು ಹಿಡಿದು ಬಾಯಿ ಮುಚ್ಚಿ ಕೂತ.

ಮರ ಮುಟ್ಟಿ ಮರಳಿದರು.

ದಡಕ್ಕಿಳಿದವನೇ ಅವನು ಹಾಳೆ ಎತ್ತಿಕೊಂಡ. "ತಿಳೀತು ಗುರುಗಳೇ. ಯೋಜನೆ ಹಾಕಿದ್ದೇ ತಪ್ಪು. ಹರಿದು ಹಾಕ್ತೀನಿ. ಹೊಳೆ ಒಯ್ದ ಕಡೆ ಹೋಗಲಿ."

ಗುರುಗಳು ಊರುಗೋಲನ್ನು ನೆಲಕ್ಕೆ ಅಪ್ಪಳಿಸಿದರು. "ಮೂರ್ಖ! ಹೊಳೆ ಒಯ್ದ ಕಡೆ ಹೋಗಿದ್ದರೆ ನೀನು ಇಷ್ಟೊತ್ತಿಗೆ ಮಡುವಿನಲ್ಲಿರುತ್ತಿದ್ದೆ. ಅವಳು ಪ್ರತಿ ಸಲ ತಲೆಯೆತ್ತಿ ಮರ ನೋಡಿದ್ದು ಕಾಣಲಿಲ್ಲವಾ?"

ಹಾಳೆ ಕಿತ್ತುಕೊಂಡು ಮಗುಚಿ ಹುಲಿಗೆಮ್ಮನ ಮುಂದಿಟ್ಟರು. ಹಿಂಬದಿ ಖಾಲಿ ಇತ್ತು.

ಅವಳು ಮೆಲ್ಲಗೆ ಕೇಳಿದಳು: "ನಾನೂ ಡಾಕ್ಟರ್ ಅಂತಾನ ಬರದ್ರ ನಡೀತೈತ್ರಿ?"

"ಬರಿ. ನಾಳೆ ಬೇಡ ಅನ್ನಿಸಿದರೆ ಹೊಡೆದುಹಾಕಿ ಬೇರೆ ಬರಿ."

ವಾಗೀಶ ಮುಂದೆ ಬಂದ. "ಹಾಗಾದರೆ ನನ್ನ ಕೆಲಸ?"

"ಪೆನ್ನು ಅವಳ ಕೈಗೆ ಕೊಡು. ಆಮೇಲೆ ಹರಿಗೋಲಿನಲ್ಲಿ ಕೂತಿದ್ದೆಯಲ್ಲ, ಹಾಗೇ ಕೂತಿರು."