ಹುಲ್ಲೂರಿಗೆ ಬಿದ್ದ ತಡೆ

"ನನ್ನ ಬಾಯಿಂದ 'ತಡೆ' ಅನ್ನೋ ಒಂದು ಮಾತು ಬಿದ್ದರೆ ಸಾಕು, ಇಡೀ ಊರೇ ಗಪ್‌ಚಿಪ್!" ಎಂದು ಕೆಂಚರಸ ನಾಯಕರು ತುಂಬಿದ ಸಭೆಯಲ್ಲಿ ಮೀಸೆ ತಿರುವಿದರು.

ಅವರ ಸಿಟ್ಟಿಗೆ ಕಾರಣ ಒಂದು ಟಗರು. ಹಿಂದಿನ ದಿನದ ಕಾಳಗದಲ್ಲಿ ಹುಲ್ಲೂರಿನ ಟಗರು ಅರಮನೆಯ ಟಗರನ್ನು ಎಲ್ಲರೆದುರು ಅಟ್ಟಾಡಿಸಿತ್ತು. ಅದಕ್ಕೇ ನಾಯಕರು ಹುಲ್ಲೂರಿಗೆ ತಡೆ ಹಾಕಿಬಿಟ್ಟರು.

ತಡೆ ಅಂದರೇನು? ಒಬ್ಬೊಬ್ಬರದು ಒಂದೊಂದು ಅರ್ಥ.

"ವಿಚಾರಣೆ ಮುಗಿಯುವವರೆಗೆ ಹುಲ್ಲೂರಿನ ಯಾವ ವಸ್ತುವನ್ನೂ ಯಾರೂ ಬಳಸುವಂತಿಲ್ಲ," ಎಂದರು ನ್ಯಾಯಾಧಿಕಾರಿ.

"ಅಲ್ಲಿ ಪೂಜೆಯಿಲ್ಲ, ಮದುವೆಯಿಲ್ಲ. ಆ ಊರಿನದು ಸೋಕಿದರೂ ಮೈಲಿಗೆ," ಎಂದರು ಪುರೋಹಿತರು.

"ಗಡಿ ದಾಟಿ ಏನೂ ಬರಕೂಡದು, ಹೋಗಕೂಡದು. ದಾಟಿದ್ದನ್ನು ಹಿಡಿಯೋದೇ!" ಎಂದ ದಳವಾಯಿ.

"ಮೂರೂ ಇರಲಿ!" ಎಂದ ನಾಯಕರು ಆಸ್ಥಾನದ ಮಾತುಗಾರ ಸಿಂಗರಯ್ಯನತ್ತ ತಿರುಗಿದರು. "ನೀನೇ ನಿಂತು ನಡೆಸು. ಎಳ್ಳಷ್ಟೂ ಲೋಪವಾಗಬಾರದು."

"ಅಪ್ಪಣೆ, ಪ್ರಭು."

ಬಾಗಿಲ ಹೊರಗೆ ಹುಲ್ಲೂರಿನ ಬೊಮ್ಮೇಗೌಡ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. "ನಾಳೆ ನನ್ನ ಮಗಳ ಮದುವೆ, ಸ್ವಾಮಿ. ದಿಬ್ಬಣ ಗಡೀಲೇ ನಿಂತುಹೋಗುತ್ತೆ. ಟಗರು ಗುದ್ದಿದ್ದಕ್ಕೆ ಮಗಳೇನು ಮಾಡಿದ್ಲು?"

"ಮನೆಗೆ ಹೋಗಿ ಚಪ್ಪರಕ್ಕೆ ತೋರಣ ಕಟ್ಟಿಸಿ, ಗೌಡ್ರೆ," ಎಂದ ಸಿಂಗರಯ್ಯ.

ಮರುದಿನ ಬೆಳಿಗ್ಗೆ ನಾಯಕರಿಗೆ ಎಣ್ಣೆಸ್ನಾನ. ತಲೆತುಂಬ ಸೀಗೆಪುಡಿ ತಿಕ್ಕಿಸಿಕೊಂಡು ಕೂತಿದ್ದಾಗಲೇ ಬಚ್ಚಲಿಗೆ ನೀರು ತರುವ ಕಾಲುವೆ ಒಣಗಿತು. ಕಣ್ಣು ಧಗಧಗ ಉರಿಯತೊಡಗಿತು.

"ನೀರು! ನೀರೆಲ್ಲಿ?"

ಸಿಂಗರಯ್ಯ ಮೂವರೂ ಅಧಿಕಾರಿಗಳನ್ನು ಕರೆದುಕೊಂಡೇ ಓಡಿಬಂದ. "ಹುಲ್ಲೂರಿನಿಂದ ಗಡಿ ದಾಟಿ ಬರುತ್ತಿದ್ದದ್ದನ್ನು ಹಿಡಿದೆವು, ಪ್ರಭು."

"ಏನನ್ನ?"

"ನೀರನ್ನ. ಆ ಊರಿನ ಕೆರೆಯದೇ ಅಲ್ಲವೆ? ದಳವಾಯಿಗಳ ಆಳುಗಳು ತೂಬು ಮುಚ್ಚಿದ್ದಾರೆ."

"ತೆರೆಸೋ, ಮಾರಾಯ!"

"ತೆರೆದರೂ, ಸೋಕಿದರೆ ಮೈಲಿಗೆ ಅಂತಾರೆ ಪುರೋಹಿತರು."

"ಮೈಲಿಗೆ ಆಮೇಲೆ ಕಳೆದುಕೊಳ್ತೀನಿ!"

"ಕಳೆದುಕೊಂಡರೂ, ವಿಚಾರಣೆ ಮುಗಿಯದೆ ಬಳಸುವಂತಿಲ್ಲ ಅಂತಾರೆ ನ್ಯಾಯಾಧಿಕಾರಿಗಳು."

"ಹಾಗಾದರೆ ಈಗಲೇ ವಿಚಾರಣೆ ಮುಗಿಸಿ!"

"ಹೇಗೆ, ಪ್ರಭು? ಅಪರಾಧಿ ಟಗರು ಹುಲ್ಲೂರಿನಲ್ಲಿದೆ. ಕರೆತರೋಣ ಅಂದರೆ ತಡೆ ಇದೆ!"

ಉರಿಯುವ ಕಣ್ಣಿನಲ್ಲೂ ನಾಯಕರಿಗೆ ನಗು ತಡೆಯಲಾಗಲಿಲ್ಲ. "ಮೂರನ್ನೂ ತೆಗೆದೆ! ತೂಬು ತೆಗೆಸಿ! ಆ ಗೌಡನ ಮಗಳಿಗೆ ನನ್ನ ಕಡೆಯಿಂದ ರೇಷ್ಮೆ ಸೀರೆ ಕಳಿಸಿ!" ಎಂದವರು ಕಣ್ಣು ಮುಚ್ಚಿಕೊಂಡೇ ಕೊರಳಿನ ಸರ ಬಿಚ್ಚಿ ಮುಂದೆ ಚಾಚಿದರು. "ತಗೋ ಸಿಂಗರಯ್ಯ, ನಿನ್ನ ಬಹುಮಾನ!"

"ಮೊದಲು ಕಣ್ಣು ತೊಳೆದುಕೊಳ್ಳಿ, ಪ್ರಭು," ಎಂದ ಸಿಂಗರಯ್ಯ. "ನಾನು ಈ ಕಡೆ ಇದ್ದೇನೆ. ಅಲ್ಲಿ ಕೈ ಚಾಚಿರುವುದು ದಳವಾಯಿ!"